ಹೊರಗಿನ ನೆರವಿಲ್ಲದೆ ಊರು ಎಷ್ಟು ದಿನ ನಿಲ್ಲಬಲ್ಲದು? – ತುಮಕೂರು, ಗುಬ್ಬಿ, ಕುಣಿಗಲ್ ಗ್ರಾಮಗಳ ಸ್ವಾವಲಂಬನೆ ಮತ್ತು ವಿಪತ್ತು ಸನ್ನದ್ಧತೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



2022ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ಕೆರೆಗಳು ಒಂದರ ಹಿಂದೊಂದರಂತೆ ತುಂಬಿ ಕೋಡಿ ಹರಿದವು. ಹಳ್ಳಗಳು ರಸ್ತೆಯ ಮೇಲೆ ಬಂದವು. ವರ್ಷಗಳಿಂದ ನೀರು ಕಾಣದ ಕಾಲುವೆಗಳ ಪಾತ್ರದಲ್ಲಿ ಕಟ್ಟಿಕೊಂಡಿದ್ದ ಮನೆಗಳಿಗೆ ನೀರು ನುಗ್ಗಿತು. ಮರುವರ್ಷ, 2023ರಲ್ಲಿ, ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಹನ್ನೆರಡು ತಿಂಗಳ ಅಂತರದಲ್ಲಿ ಅತಿವೃಷ್ಟಿ ಮತ್ತು ಅನಾವೃಷ್ಟಿ ಎರಡನ್ನೂ ಕಂಡ ನೆಲ ಇದು. ಒಂದು ವರ್ಷದ ಹೆಚ್ಚುವರಿ ನೀರು ಮುಂದಿನ ವರ್ಷದ ಕೊರತೆಗೆ ಎಷ್ಟರಮಟ್ಟಿಗೆ ಒದಗಿತು ಎಂಬ ಪ್ರಶ್ನೆಗೆ ಪ್ರತಿ ಊರಿನಲ್ಲೂ ಬೇರೆ ಬೇರೆ ಉತ್ತರವಿದೆ. ಆ ಉತ್ತರದಲ್ಲಿಯೇ ಆ ಊರಿನ ಬಲಾಬಲ ಅಡಗಿದೆ.

ಒಂದು ಪ್ರದೇಶ ವಾಸಕ್ಕೆ ಯೋಗ್ಯವೇ ಎಂದು ಕೇಳಿದಾಗ ಸಾಮಾನ್ಯವಾಗಿ ರಸ್ತೆ, ಶಾಲೆ, ಭೂಮಿಯ ಬೆಲೆ, ಬೆಂಗಳೂರಿನ ಸಾಮೀಪ್ಯ ಇವುಗಳ ಮಾತು ಬರುತ್ತದೆ. ಇವೆಲ್ಲ ಒಳ್ಳೆಯ ದಿನಗಳ ಅಳತೆಗೋಲುಗಳು. ಕೆಟ್ಟ ದಿನಗಳ ಅಳತೆಗೋಲು ಒಂದೇ: ವಿದ್ಯುತ್ ನಿಂತು, ದಾರಿ ಕಡಿದು, ಅಂಗಡಿಯಲ್ಲಿ ಸಾಮಾನು ಮುಗಿದರೆ ಆ ಊರು ತನ್ನ ಕಾಲ ಮೇಲೆ ತಾನು ಎಷ್ಟು ದಿನ ನಿಲ್ಲಬಲ್ಲದು? ನೀರಿಗೆ ಎಷ್ಟು ದಿನ, ಕಾಳಿಗೆ ಎಷ್ಟು ದಿನ, ಮೇವಿಗೆ ಎಷ್ಟು ದಿನ ಎಂಬ ಲೆಕ್ಕವನ್ನು ಗ್ರಾಮ ಪಂಚಾಯಿತಿಗಳು ಬರೆದಿಡಬೇಕೆಂಬುದೇ ಈ ಉಪನ್ಯಾಸದ ತಾತ್ಪರ್ಯ.

ನೆಲದ ಗುಣ, ನೀರಿನ ದಾರಿ

ದೇವರಾಯನದುರ್ಗದ ಬೆಟ್ಟಸಾಲಿನ ಮೇಲೆ ಬೀಳುವ ಮಳೆ ಎರಡು ದಿಕ್ಕಿಗೆ ಹರಿಯುತ್ತದೆ. ಉತ್ತರಕ್ಕೆ ಇಳಿದ ನೀರು ಜಯಮಂಗಲಿಯಾಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ದಕ್ಷಿಣಕ್ಕೆ ಇಳಿದ ನೀರು ಶಿಂಷಾ ನದಿಯಾಗಿ ಗುಬ್ಬಿ ತಾಲ್ಲೂಕಿನ ಕಡಬ, ತುರುವೇಕೆರೆ ಸೀಮೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ದಾಟಿ ಮಂಡ್ಯ ಜಿಲ್ಲೆಯ ಮೂಲಕ ಕಾವೇರಿಗೆ ಸೇರುತ್ತದೆ. ಇದರ ಅರ್ಥವನ್ನು ಸದಸ್ಯರು ಗಮನಿಸಬೇಕು. ಈ ಭಾಗ ನದಿ ಹುಟ್ಟುವ ನೆಲ. ಮೇಲಿನ ಪ್ರದೇಶದಿಂದ ತಾನಾಗಿ ಹರಿದುಬರುವ ದೊಡ್ಡ ನದಿ ಇಲ್ಲಿಲ್ಲ. ಇಲ್ಲಿ ಬಿದ್ದ ಮಳೆಯೇ ಇಲ್ಲಿನ ಸ್ವಂತ ಆಸ್ತಿ. ಅದಕ್ಕೆ ಹೊರತಾದುದು ಗೊರೂರಿನ ಹೇಮಾವತಿ ಜಲಾಶಯದಿಂದ ನಾಲೆಯ ಮೂಲಕ ಬರುವ ನೀರು.

ವಾರ್ಷಿಕ ಮಳೆ ಸಾಧಾರಣವಾಗಿ 600ರಿಂದ 700 ಮಿಲಿಮೀಟರಿನ ಆಸುಪಾಸಿನಲ್ಲಿದೆ. ಅದರ ಹೆಚ್ಚಿನ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಅದೂ ಕೆಲವೇ ದೊಡ್ಡ ಮಳೆಗಳಲ್ಲಿ ಬರುತ್ತದೆ. ಕೆಂಪು ಮಣ್ಣಿನ ಕೆಳಗೆ ಗಟ್ಟಿಯಾದ ಕಣಶಿಲೆಯಿದ್ದು, ಅಂತರ್ಜಲ ಬಂಡೆಯ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಕೊಳವೆಬಾವಿ ಆಳವಾದಷ್ಟೂ ನೀರು ಹೆಚ್ಚುವುದಿಲ್ಲ. ಹಿಂದಿನವರು ಉಳಿಸಿದ್ದು ಬೇಗ ಖಾಲಿಯಾಗುತ್ತದೆ, ಅಷ್ಟೆ. ಈ ಸತ್ಯವನ್ನು ಅರಿತೇ ಪೂರ್ವಿಕರು ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಹರಿಯುವಂತೆ ಕೆರೆಗಳ ಸರಪಳಿಯನ್ನು ಕಟ್ಟಿದರು. ಸರಪಳಿಯ ಒಂದು ಕೊಂಡಿ ಕಳಚಿದರೆ, ಅಂದರೆ ಒಂದು ರಾಜಕಾಲುವೆ ಮುಚ್ಚಿದರೆ, ಮೇಲಿನ ಊರಿಗೆ ಪ್ರವಾಹ, ಕೆಳಗಿನ ಊರಿಗೆ ಬರ.

ಭೂಕಂಪದ ದೃಷ್ಟಿಯಿಂದ ಈ ಪ್ರದೇಶ ಕಡಿಮೆ ಅಪಾಯದ್ದು. ಚಂಡಮಾರುತದ ನೇರ ಹೊಡೆತವೂ ಇಲ್ಲ. ಇಲ್ಲಿಯ ವಿಪತ್ತುಗಳು ಸದ್ದಿಲ್ಲದೆ ಬರುವಂಥವು: ಬರ, ಕೆರೆ ಏರಿಯ ಬಿರುಕು, ಸಿಡಿಲು, ಕಲುಷಿತ ನೀರು, ಹಾವಿನ ಕಡಿತ, ಕಾಡುಪ್ರಾಣಿಯ ದಾಳಿ. ಸದ್ದಿಲ್ಲದೆ ಬರುವ ವಿಪತ್ತಿಗೆ ಸಿದ್ಧರಾಗಲು ಲೆಕ್ಕವೇ ಬೇಕು.

ಮೂರು ಪ್ರದೇಶಗಳ ಬಲಾಬಲ

ತುಮಕೂರು ನಗರಕ್ಕೆ ಜಿಲ್ಲಾ ಆಸ್ಪತ್ರೆ, ಮಾರುಕಟ್ಟೆ, ಅಗ್ನಿಶಾಮಕ ಠಾಣೆ, ರೈಲು, ರಾಷ್ಟ್ರೀಯ ಹೆದ್ದಾರಿ ಎಲ್ಲವೂ ಇವೆ. ಆದರೆ ನಗರದ ಕುಡಿಯುವ ನೀರಿನ ಮುಖ್ಯ ಆಸರೆ ಬುಗುಡನಹಳ್ಳಿ ಕೆರೆ. ಅದನ್ನು ತುಂಬಿಸುವುದು ಹೇಮಾವತಿ. ಸುಮಾರು 37 ಟಿ.ಎಂ.ಸಿ. ಸಾಮರ್ಥ್ಯದ ಆ ಜಲಾಶಯ ಇರುವುದು ಹಾಸನ ಜಿಲ್ಲೆಯಲ್ಲಿ. ಮಲೆನಾಡಿನಲ್ಲಿ ಮಳೆ ಕಡಿಮೆಯಾದ ವರ್ಷ ತುಮಕೂರಿನ ನಲ್ಲಿಗೂ ಅದರ ಪರಿಣಾಮ ತಟ್ಟುತ್ತದೆ. ನಗರಕ್ಕೆ ತೊಂದರೆಯಾದಾಗ ಅದರ ಭಾರ ಸುತ್ತಲಿನ ಗ್ರಾಮ ಪಂಚಾಯಿತಿಗಳ ಕೊಳವೆಬಾವಿಗಳ ಮೇಲೆ, ನೀರಿನ ಟ್ಯಾಂಕರುಗಳ ರೂಪದಲ್ಲಿ ಬೀಳುತ್ತದೆ. ಆದ್ದರಿಂದ ನಗರದಂಚಿನ ಪಂಚಾಯಿತಿಗಳು ತಮ್ಮ ಲೆಕ್ಕದ ಜೊತೆಗೆ ನಗರದ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಗುಬ್ಬಿ ತಾಲ್ಲೂಕಿಗೆ ಶಿಂಷಾ ಕಣಿವೆಯ ಕೆರೆಗಳು, ಕಡಬದ ದೊಡ್ಡ ಕೆರೆ, ಹೇಮಾವತಿ ನಾಲೆ, ರೈಲು ಮತ್ತು ಹೆದ್ದಾರಿಯ ಅನುಕೂಲವಿದೆ. ತೆಂಗು, ಅಡಿಕೆ, ರಾಗಿ, ಹಲಸು, ಹುಣಸೆ ಒಂದೇ ತಾಲ್ಲೂಕಿನಲ್ಲಿ ಬೆಳೆಯುತ್ತವೆ. ಚೇಳೂರಿನ ಹಲಸಿನ ಮಾರುಕಟ್ಟೆ ಪ್ರಸಿದ್ಧವಾದುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿದ ‘ಸಿದ್ದು’ ಹಲಸಿನ ತಳಿಯ ಮೂಲ ಮರವೂ ಚೇಳೂರಿನದೇ. ಹಲಸು ಬೇರೂರಿದ ಮೇಲೆ ಬರಗಾಲವನ್ನು ತಡೆದುಕೊಂಡು ಹಣ್ಣು ಕೊಡುವ ಮರ. ಬದುವಿನ ಮೇಲೆ ಹಲಸು, ಹುಣಸೆ, ಹೊಂಗೆ, ಬೇವು ಇರುವ ಊರು ಬರದಲ್ಲಿ ಪೂರ್ತಿ ಬರಿಗೈಯಾಗುವುದಿಲ್ಲ. ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಆ ಭಾಗಕ್ಕೆ ಉದ್ಯೋಗವನ್ನೂ ಹೊಸ ನಿವಾಸಿಗಳನ್ನೂ ತರುತ್ತದೆ. ಹೊಸ ನಿವಾಸಿಗೆ ಹೊಸ ನೀರು ಎಲ್ಲಿಂದ ಎಂಬ ಪ್ರಶ್ನೆಯನ್ನು ಇಂದೇ ಕೇಳಿಕೊಳ್ಳುವುದು ಲೇಸು.

ಕುಣಿಗಲ್ ತಾಲ್ಲೂಕಿಗೆ ಕುಣಿಗಲ್ ದೊಡ್ಡಕೆರೆ, ಮಾರ್ಕೋನಹಳ್ಳಿ ಮತ್ತು ಮಂಗಳಾ ಜಲಾಶಯಗಳಿವೆ. ಬೆಂಗಳೂರು–ಮಂಗಳೂರು ಹೆದ್ದಾರಿ ಹಾಗೂ 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ರೈಲು ಮಾರ್ಗ ತಾಲ್ಲೂಕನ್ನು ರಾಜಧಾನಿಗೆ ಇನ್ನಷ್ಟು ಹತ್ತಿರ ತಂದಿವೆ. ಈ ಸಾಮೀಪ್ಯವೇ ಇಲ್ಲಿನ ಬಲವೂ ಹೌದು, ದೌರ್ಬಲ್ಯವೂ ಹೌದು. ಹೊಲಗಳು ನಿವೇಶನಗಳಾಗುವ ವೇಗ ಹೆದ್ದಾರಿಯ ಬದಿಯಲ್ಲಿ ಕಣ್ಣಿಗೆ ಕಾಣುವಂತಿದೆ.

ನೀರಿನ ದಿನಗಳು

ಜಲ ಜೀವನ್ ಮಿಷನ್ ಯೋಜನೆಯ ಮಾನದಂಡದಂತೆ ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು. ಸಾವಿರ ಜನಸಂಖ್ಯೆಯ ಊರಿಗೆ ದಿನವೊಂದಕ್ಕೆ 55,000 ಲೀಟರ್. ಆ ಊರಿನ ಓವರ್‌ಹೆಡ್ ಟ್ಯಾಂಕ್ 50,000 ಲೀಟರಿನದಾದರೆ, ಟ್ಯಾಂಕ್ ತುಂಬಿದ್ದರೂ ಊರಿನ ಬಳಿ ಒಂದು ದಿನದ ನೀರೂ ಇಲ್ಲ. ಮೋಟಾರು ಸುಟ್ಟರೆ, ವಿದ್ಯುತ್ ಕಂಬ ಉರುಳಿದರೆ ಮರುದಿನ ಬೆಳಿಗ್ಗೆಯೇ ಸಂಕಟ. ಇದಕ್ಕೆ ದನಕರುಗಳ ಲೆಕ್ಕ ಸೇರಿಲ್ಲ. ಒಂದು ಹಸುವಿಗೆ ದಿನಕ್ಕೆ 40ರಿಂದ 50 ಲೀಟರ್ ಬೇಕು. 300 ರಾಸುಗಳಿರುವ ಊರಿಗೆ ಇನ್ನೂ 12,000ದಿಂದ 15,000 ಲೀಟರ್.

ಇದಕ್ಕೆ ಎದುರಾಗಿ ಮನೆಯ ಚಾವಣಿಯ ಲೆಕ್ಕವನ್ನು ನೋಡಬಹುದು. 100 ಚದರ ಮೀಟರ್ ಚಾವಣಿಯ ಮೇಲೆ 600 ಮಿ.ಮೀ. ಮಳೆ ಬಿದ್ದರೆ 60,000 ಲೀಟರ್. ಐದರಲ್ಲಿ ಒಂದು ಪಾಲು ಸೋರಿ ಹೋಗುತ್ತದೆಂದು ಇಟ್ಟುಕೊಂಡರೂ 48,000 ಲೀಟರ್ ಕೈಗೆ ಸಿಗುತ್ತದೆ. ಕುಡಿಯಲು ಮತ್ತು ಅಡುಗೆಗೆ ಮಾತ್ರ ತಲೆಗೆ 10 ಲೀಟರಿನಂತೆ ಐದು ಜನರ ಕುಟುಂಬಕ್ಕೆ ವರ್ಷಕ್ಕೆ ಬೇಕಾಗುವುದು 18,250 ಲೀಟರ್. ಚಿಕ್ಕ ಚಾವಣಿಯ ಮನೆ, ಮಳೆ ಅರ್ಧವೇ ಬಿದ್ದ ವರ್ಷ ಎಂದುಕೊಂಡರೂ ಒಂದು ತೊಟ್ಟಿ ಬೇಸಿಗೆಯ ಕೆಲವು ತಿಂಗಳನ್ನು ದಾಟಿಸುತ್ತದೆ. ಎಲ್ಲ ಮನೆಗಳಿಗೂ ಒಮ್ಮೆಲೇ ಆಗದಿದ್ದರೆ ಶಾಲೆ, ಅಂಗನವಾಡಿ, ಪಂಚಾಯಿತಿ ಕಟ್ಟಡ, ಹಾಲಿನ ಡೇರಿ ಇವುಗಳಿಂದ ಆರಂಭಿಸಬಹುದು.

ಇನ್ನೊಂದು ಲೆಕ್ಕ ಸ್ವಲ್ಪ ಕಹಿಯಾದುದು. ಒಂದು ಎಕರೆ ಅಡಿಕೆ ತೋಟದಲ್ಲಿ ಸುಮಾರು 550 ಗಿಡಗಳಿರುತ್ತವೆ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿಯೂ ಗಿಡಕ್ಕೆ ದಿನಕ್ಕೆ 15 ಲೀಟರಿನಂತೆ ಹಿಡಿದರೆ 8,250 ಲೀಟರ್. ಅದು 150 ಜನರ ಒಂದು ದಿನದ ನೀರು. ಅಡಿಕೆ ಬೆಳೆದ ರೈತನದು ತಪ್ಪೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ರಾಗಿಯಲ್ಲಿ ಕಾಣದ ಹಣ ಅಡಿಕೆಯಲ್ಲಿ ಕಂಡಾಗ ಯಾರಾದರೂ ಆ ದಾರಿ ಹಿಡಿಯುತ್ತಾರೆ. ಆದರೆ ಊರಿನ ಕೊಳವೆಬಾವಿಗಳು ಎಷ್ಟು, ತೋಟದ ಎಕರೆ ಎಷ್ಟು, ಕೆರೆ ತುಂಬಿದ ವರ್ಷಗಳು ಎಷ್ಟು ಎಂಬ ಮೂರು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದು ಗ್ರಾಮಸಭೆಯ ಮುಂದೆ ಓದಿದರೆ, ಮುಂದಿನ ತೋಟ ಹಾಕುವವರು ತಾವೇ ಯೋಚಿಸುತ್ತಾರೆ. ಅಟಲ್ ಭೂಜಲ ಯೋಜನೆಯಡಿ ಜಿಲ್ಲೆಯಲ್ಲಿ ನಡೆದ ಜಲ ಆಯವ್ಯಯದ ಅಭ್ಯಾಸ ಇದೇ ಬಗೆಯದು. ಯೋಜನೆ ಮುಗಿದರೂ ಅಭ್ಯಾಸ ಉಳಿಯಬೇಕು.

ಕಾಳಿನ ದಿನಗಳು, ಮೇವಿನ ದಿನಗಳು

1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಆಗ ಮದ್ರಾಸಿನಿಂದ ಬೆಂಗಳೂರಿನವರೆಗೆ ರೈಲು ಇತ್ತು. ಅಲ್ಲಿಗೆ ಧಾನ್ಯವೂ ಬಂದಿತು. ಅಲ್ಲಿಂದ ಒಳನಾಡಿಗೆ ಸಾಗಿಸಲು ಎತ್ತಿನ ಗಾಡಿಯೇ ಗತಿ. ಎತ್ತುಗಳಿಗೆ ದಾರಿಯಲ್ಲಿ ಮೇವೂ ಇಲ್ಲ, ನೀರೂ ಇಲ್ಲ. ಆ ಬರದ ನಂತರದ ವರ್ಷಗಳಲ್ಲಿ, 1884ರಲ್ಲಿ, ರೈಲು ತುಮಕೂರನ್ನು ಮುಟ್ಟಿತು. ಧಾನ್ಯ ದೇಶದಲ್ಲಿದ್ದರೆ ಸಾಲದು, ಊರಿನಲ್ಲಿರಬೇಕು ಎಂಬ ಪಾಠವನ್ನು ಆ ಪೀಳಿಗೆ ಪ್ರಾಣ ತೆತ್ತು ಕಲಿಯಿತು.

ಹಳೆಯ ಮೈಸೂರು ಸೀಮೆಯ ರೈತರು ಈ ಪಾಠವನ್ನು ಮೊದಲೇ ಬಲ್ಲವರಾಗಿದ್ದರು. ರಾಗಿಗೆ ಹುಳು ಬೀಳುವುದು ಅಪರೂಪ; ಒಣಗಿಸಿ ಹಗೇವಿನಲ್ಲಿ ಮುಚ್ಚಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಇಂದು ಹಗೇವು ತೋಡುವ ಅಗತ್ಯವಿಲ್ಲ. ಒಣಗಿದ ಜಾಗದಲ್ಲಿ ಮುಚ್ಚಳವಿರುವ ಡ್ರಮ್ಮುಗಳೇ ಸಾಕು. ಐದು ಜನರ ಕುಟುಂಬಕ್ಕೆ ದಿನಕ್ಕೆ ಒಂದೂವರೆ ಕಿಲೋ ಧಾನ್ಯವೆಂದರೆ ಮೂರು ತಿಂಗಳಿಗೆ 135 ಕಿಲೋ. ಎಕರೆಗೆ 8 ಕ್ವಿಂಟಾಲ್ ಲೆಕ್ಕದಲ್ಲಿ ಹತ್ತು ಗುಂಟೆ ರಾಗಿ ಹೊಲ ಎರಡು ಕ್ವಿಂಟಾಲ್ ಕೊಡುತ್ತದೆ. ತೋಟ ಮಾಡಿದ ಕುಟುಂಬವೂ ಹತ್ತು ಗುಂಟೆಯನ್ನು ರಾಗಿಗೆ, ಅದರೊಳಗೆ ಅವರೆ, ತೊಗರಿಯ ಅಕ್ಕಡಿ ಸಾಲಿಗೆ ಬಿಟ್ಟರೆ ಮನೆಗೆ ಮೂರು ತಿಂಗಳ ಧೈರ್ಯ ಬರುತ್ತದೆ. ಭೂಮಿ ಇಲ್ಲದ ಕುಟುಂಬಗಳಿಗೆ ಈ ಧೈರ್ಯ ಎಲ್ಲಿಂದ ಎಂಬುದನ್ನು ಪಂಚಾಯಿತಿ ಪ್ರತ್ಯೇಕವಾಗಿ ಯೋಚಿಸಬೇಕು. ಸ್ತ್ರೀಶಕ್ತಿ ಸಂಘಗಳು ಸುಗ್ಗಿಯಲ್ಲಿ ರಾಗಿಯನ್ನು ಕೊಂಡಿಟ್ಟು ಬೇಸಿಗೆಯಲ್ಲಿ ಅದೇ ಬೆಲೆಗೆ ಸದಸ್ಯರಿಗೆ ಕೊಡುವ ಧಾನ್ಯನಿಧಿ ಅದಕ್ಕೊಂದು ಮಾರ್ಗ. ಸಿದ್ಧಗಂಗೆಯ ದಾಸೋಹದಲ್ಲಿ ದಿನವೂ ಸಾವಿರಾರು ಮಕ್ಕಳು ಊಟ ಮಾಡುವುದನ್ನು ಕಂಡ ಜಿಲ್ಲೆಗೆ, ಸುಗ್ಗಿಯಲ್ಲಿ ಒಂದು ಪಾಲು ಎತ್ತಿಡುವ ಧರ್ಮವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ರಾಗಿ ಬಿಟ್ಟಾಗ ಹೋಗುವುದು ಕಾಳು ಮಾತ್ರವಲ್ಲ, ಹುಲ್ಲೂ ಹೋಗುತ್ತದೆ. ಒಂದು ಹಸುವಿಗೆ ದಿನಕ್ಕೆ ಸುಮಾರು 6 ಕಿಲೋ ಒಣಮೇವೆಂದರೆ ಎರಡು ತಿಂಗಳಿಗೆ 360 ಕಿಲೋ. ಮನೆಯ ಹಿತ್ತಲಿನಲ್ಲಿ ಹುಲ್ಲಿನ ಮೆದೆ ಇರುವ ಊರು ಬರ ಬಂದಾಗ ದನವನ್ನು ಅಗ್ಗದ ಬೆಲೆಗೆ ಸಂತೆಗೆ ಹೊಡೆಯುವುದಿಲ್ಲ. ಬರದಲ್ಲಿ ಮಾರಿದ ಹಸುವನ್ನು ಮಳೆಗಾಲದಲ್ಲಿ ಮತ್ತೆ ಕೊಳ್ಳಲು ಎರಡು ಪಟ್ಟು ಸಾಲ ಬೇಕಾಗುತ್ತದೆ.

ಮೊದಲ ಒಂದು ಗಂಟೆ

ಬರ ನಿಧಾನವಾಗಿ ಬರುತ್ತದೆ. ಕೆಲವು ಆಪತ್ತುಗಳು ಗಂಟೆಯೊಳಗೆ ಬಂದು ಮುಗಿಯುತ್ತವೆ. ಮಾರ್ಕೋನಹಳ್ಳಿ ಜಲಾಶಯದ ವೈಶಿಷ್ಟ್ಯ ಅದರ ಸ್ವಯಂಚಾಲಿತ ಸೈಫನ್. ನೀರು ನಿಗದಿತ ಮಟ್ಟ ದಾಟಿದೊಡನೆ ಯಾರ ಅಪ್ಪಣೆಗೂ ಕಾಯದೆ ಅದು ಹರಿಯತೊಡಗುತ್ತದೆ. ತಂತ್ರಜ್ಞಾನದ ದೃಷ್ಟಿಯಿಂದ ಅದು ಹೆಮ್ಮೆಯ ಕೆಲಸ. ಆದರೆ ಕೆಳಭಾಗದಲ್ಲಿ ಬಟ್ಟೆ ಒಗೆಯುವವರು, ದನ ತೊಳೆಯುವವರು, ನೀರಾಟಕ್ಕೆ ಇಳಿಯುವ ಪ್ರವಾಸಿಗರು ಅದನ್ನು ಅರಿತಿರಬೇಕು. ನದಿಪಾತ್ರದ ಪಂಚಾಯಿತಿಗಳು ಎಚ್ಚರಿಕೆಯ ಫಲಕ ಹಾಕಿಸಿ, ಜಲಾಶಯ ತುಂಬುತ್ತಿರುವ ದಿನಗಳಲ್ಲಿ ಡಂಗುರ ಸಾರಿಸಬೇಕು.

2019–20ರಲ್ಲಿ ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಗಡಿಭಾಗದ ಊರುಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಹಿರಿಯರೂ ಬಲಿಯಾದರು. ಪೊದೆ ಬೆಳೆದ ಕಾಲುದಾರಿ, ಬೆಳಕಿಲ್ಲದ ಬೀದಿ, ಊರಂಚಿನ ಕೋಳಿ ತ್ಯಾಜ್ಯ, ಅದನ್ನು ತಿನ್ನಲು ಸೇರುವ ಬೀದಿನಾಯಿ ಇವೇ ಚಿರತೆಯನ್ನು ಊರಿಗೆ ಕರೆಯುತ್ತವೆ. ಚಿರತೆಯನ್ನು ಹಿಡಿಯುವುದು ಅರಣ್ಯ ಇಲಾಖೆಯ ಕೆಲಸ. ಪೊದೆ ಕಡಿಸಿ, ದೀಪ ಹಾಕಿಸಿ, ತ್ಯಾಜ್ಯ ತೆಗೆಸುವುದು ಪಂಚಾಯಿತಿಯ ಕೆಲಸ.

ಹಾವು ಕಡಿತವನ್ನು ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಅಧಿಸೂಚಿತ ಕಾಯಿಲೆಯಾಗಿ ಘೋಷಿಸಿದೆ. ಗಾಯ ಕೊಯ್ಯುವುದು, ಹಗ್ಗ ಬಿಗಿಯುವುದು, ಮಂತ್ರಕ್ಕೆ ಕಾಯುವುದು ಸಲ್ಲದು. ಕಡಿಸಿಕೊಂಡ ಅಂಗವನ್ನು ಅಲುಗಿಸದೆ ಹಾವಿನ ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. ಯಾವ ಆಸ್ಪತ್ರೆಯಲ್ಲಿ ಆ ಔಷಧಿ ಇದೆ, ರಾತ್ರಿ ವೇಳೆ ಊರಿನಲ್ಲಿ ಯಾರ ವಾಹನ ಹೊರಡುತ್ತದೆ ಎಂಬುದು ಆಶಾ ಕಾರ್ಯಕರ್ತೆಗೂ ವಾರ್ಡಿನ ಸದಸ್ಯರಿಗೂ ಮೊದಲೇ ತಿಳಿದಿರಬೇಕು. 2024ರ ಜೂನ್‌ನಲ್ಲಿ ಇದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಜಾತ್ರೆಯ ನಂತರ ವಾಂತಿಭೇದಿಯಿಂದ ಸಾವುಗಳಾದವು. ಜಾತ್ರೆಗೆ ಮುನ್ನ ನೀರಿನ ಟ್ಯಾಂಕ್ ತೊಳೆಸಿ, ಕ್ಲೋರಿನ್ ಹಾಕಿಸಿ, ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸುವುದು ತೇರು ಕಟ್ಟುವಷ್ಟೇ ಮುಖ್ಯ.

ಸುದ್ದಿ ಮುಟ್ಟಿಸಲು ಹೊಸ ವ್ಯವಸ್ಥೆಯನ್ನು ಹುಡುಕಬೇಕಾಗಿಲ್ಲ. ಬೆಳಿಗ್ಗೆ ಮತ್ತು ಸಂಜೆ ಊರಿನ ಬಹುಪಾಲು ಮನೆಯವರು ಹಾಲಿನ ಡೇರಿಗೆ ಬರುತ್ತಾರೆ. ದಿನಕ್ಕೆ ಎರಡು ಬಾರಿ ಊರು ಸೇರುವ ಇನ್ನೊಂದು ಜಾಗ ಇಲ್ಲ. ಡೇರಿಯ ಗೋಡೆಯ ಮೇಲೆ 112, 108, ಜಿಲ್ಲಾ ನಿಯಂತ್ರಣ ಕೊಠಡಿಯ 1077, ವಿದ್ಯುತ್ ದೂರಿನ 1912 ಸಂಖ್ಯೆಗಳನ್ನು ಬಣ್ಣದಲ್ಲಿ ಬರೆಸುವ ಖರ್ಚು ಅತ್ಯಲ್ಪ.

ಹೊಸದಾಗಿ ನೆಲೆಸುವವರು

2020ರ ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನಿಂದ ಸಾವಿರಾರು ಕುಟುಂಬಗಳು ತಮ್ಮ ಊರುಗಳಿಗೆ ಮರಳಿದವು. ಅದೇ ವರ್ಷದ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳುವುದು ಸಾಧ್ಯವಾಯಿತು. ಹಳ್ಳಿಯಲ್ಲಿ ತುಂಡು ಭೂಮಿ ಕೊಂಡು, ಮನೆ ಕಟ್ಟಿ, ಹಸು ಸಾಕಿ ಬದುಕಬೇಕೆಂಬ ಆಸೆಯಿಂದ ಬರುವವರಿದ್ದಾರೆ. ಅವರನ್ನು ಅನುಮಾನದಿಂದ ನೋಡುವ ಅಗತ್ಯವಿಲ್ಲ. ಅವರಲ್ಲಿ ವೈದ್ಯರು, ಎಂಜಿನಿಯರುಗಳು, ಶಿಕ್ಷಕರು ಇರುತ್ತಾರೆ, ಆಪತ್ತಿನಲ್ಲಿ ಅವರ ವಿದ್ಯೆ ಊರಿಗೆ ಒದಗುತ್ತದೆ. ಆದರೆ ಬೇಲಿ ಹಾಕಿ ವಾರಕ್ಕೊಮ್ಮೆ ಬಂದು ಹೋಗುವವರ ತೋಟದೊಳಗೆ ಕೆರೆಗೆ ಹೋಗುವ ಕಾಲುವೆ ಮುಚ್ಚಿಹೋದರೆ ನಷ್ಟ ಇಡೀ ಅಚ್ಚುಕಟ್ಟಿಗೆ. ಬಡಾವಣೆಯ ಅರ್ಜಿ ಬಂದಾಗ, ಇ-ಸ್ವತ್ತು ದಾಖಲೆ ನೀಡುವಾಗ, ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ, ಗೋಕಟ್ಟೆ, ಬಂಡಿದಾರಿಗಳನ್ನು ಗುರುತಿಸಿ ನೋಡುವ ಎಚ್ಚರ ಸದಸ್ಯರಿಗಿರಬೇಕು. ಇಂದು ಒಂದು ಸಹಿಯ ಮುಂದೆ ಸುಮ್ಮನಿದ್ದುದಕ್ಕೆ ನಾಳೆ ಒಂದು ಕೇರಿ ನೀರಿನಲ್ಲಿ ನಿಲ್ಲಬೇಕಾದೀತು.

ಪಂಚಾಯಿತಿಯ ಹೊಣೆ

2005ರ ವಿಪತ್ತು ನಿರ್ವಹಣಾ ಅಧಿನಿಯಮದಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ಆದರೆ ಹೊಣೆ ಅಲ್ಲಿಗೇ ಮುಗಿಯುವುದಿಲ್ಲ. ಅದೇ ಅಧಿನಿಯಮದ 41ನೇ ಪ್ರಕರಣ ಸ್ಥಳೀಯ ಪ್ರಾಧಿಕಾರಗಳ ಕರ್ತವ್ಯವನ್ನು ಹೇಳುತ್ತದೆ: ಸಿಬ್ಬಂದಿಗೆ ತರಬೇತಿ ನೀಡುವುದು, ಸಲಕರಣೆಗಳನ್ನು ಬಳಕೆಗೆ ಸಿದ್ಧವಾಗಿಡುವುದು, ಕಟ್ಟಡಗಳು ಮಾನದಂಡದಂತಿರುವಂತೆ ನೋಡಿಕೊಳ್ಳುವುದು, ಪರಿಹಾರ ಕಾರ್ಯ ಕೈಗೊಳ್ಳುವುದು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2022ರಲ್ಲಿ ಪ್ರಕಟಿಸಿದ ವಿಪತ್ತು ನಿರ್ವಹಣಾ ಯೋಜನೆಯೂ ಗ್ರಾಮ ಮಟ್ಟದ ಯೋಜನೆಯನ್ನೇ ತಳಹದಿಯಾಗಿ ಇಟ್ಟುಕೊಂಡಿದೆ.

ಇದಕ್ಕೆ ದೊಡ್ಡ ಗ್ರಂಥ ಬೇಕಾಗಿಲ್ಲ. ಪ್ರತಿ ಊರಿಗೆ ಒಂದು ಹಾಳೆ ಸಾಕು. ಅದರಲ್ಲಿ ಜನ ಎಷ್ಟು, ರಾಸು ಎಷ್ಟು. ಟ್ಯಾಂಕಿನ ಲೀಟರ್ ಎಷ್ಟು, ವಿದ್ಯುತ್ ಇಲ್ಲದೆ ನೀರೆತ್ತಬಹುದಾದ ಬಾವಿ ಅಥವಾ ಕೈಪಂಪು ಯಾವುದು. ಜನರೇಟರ್, ಟ್ರ್ಯಾಕ್ಟರ್, ಟ್ಯಾಂಕರ್ ಯಾರಲ್ಲಿದೆ. ಕೆರೆಯ ಏರಿ, ತೂಬು, ಕೋಡಿ ಯಾವ ಸ್ಥಿತಿಯಲ್ಲಿವೆ. ತಗ್ಗಿನ ಮನೆಗಳು ಯಾವುವು. ನಡೆಯಲಾರದ ವೃದ್ಧರು, ಗರ್ಭಿಣಿಯರು, ಅಂಗವಿಕಲರು ಇರುವ ಮನೆಗಳು ಯಾವುವು. ಆಶ್ರಯಕ್ಕೆ ಯಾವ ಕಟ್ಟಡ, ಅದರ ಬೀಗದ ಕೈ ಯಾರ ಬಳಿ ಇಷ್ಟಿರಬೇಕು. ಕೊನೆಯಲ್ಲಿ ಮೂರು ಅಂಕಿಗಳು: ನೀರಿನ ದಿನ, ಕಾಳಿನ ದಿನ, ಮೇವಿನ ದಿನ. ಮುಂಗಾರಿಗೆ ಮುನ್ನ ಒಮ್ಮೆ, ಬೇಸಿಗೆಗೆ ಮುನ್ನ ಒಮ್ಮೆ ಈ ಹಾಳೆಯನ್ನು ವಾರ್ಡ್ ಸಭೆಯಲ್ಲಿ ಓದಿ ತಿದ್ದಬೇಕು. ಬರೆಯುವವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಬಹುದು. ಆದರೆ ಅಂಕಿಗಳನ್ನು ಕೊಡಬಲ್ಲವರು ನೀರುಗಂಟಿ, ಅಂಗನವಾಡಿ ಕಾರ್ಯಕರ್ತೆ, ಡೇರಿಯ ಕಾರ್ಯದರ್ಶಿ ಮತ್ತು ಆಯಾ ವಾರ್ಡಿನ ಸದಸ್ಯರೇ.

ಮೂರು ಅಂಕಿಗಳಲ್ಲಿ ಅತಿ ಚಿಕ್ಕದು ಯಾವುದೋ ಅದೇ ಆ ಊರಿನ ನಿಜವಾದ ಶಕ್ತಿ. ಕಾಳು ನೂರು ದಿನಕ್ಕಿದ್ದು ನೀರು ಒಂದೇ ದಿನಕ್ಕಿದ್ದರೆ ಆ ಊರು ಒಂದು ದಿನದ ಊರು. ಮುಂದಿನ ಕ್ರಿಯಾಯೋಜನೆಯ ಮೊದಲ ಕಾಮಗಾರಿ ಯಾವುದಾಗಬೇಕೆಂಬುದನ್ನು ಆ ಚಿಕ್ಕ ಅಂಕಿಯೇ ಹೇಳುತ್ತದೆ. ಬಾಯಾರಿದಾಗ ಬಾವಿ ತೋಡಬಾರದೆಂದು ಹಿರಿಯರು ಹೇಳಿದರು. ಇಂದಿನ ಪಂಚಾಯಿತಿಗೆ ಅದರ ಅರ್ಥ ಇಷ್ಟೇ: ಒಂದು ದಿನದ ಊರನ್ನು ಏಳು ದಿನದ ಊರನ್ನಾಗಿ, ಏಳು ದಿನದ ಊರನ್ನು ಮೂವತ್ತು ದಿನದ ಊರನ್ನಾಗಿ ಮಾಡುವುದು. ಐದು ವರ್ಷಗಳ ಅಧಿಕಾರಾವಧಿಯಲ್ಲಿ ಒಬ್ಬ ಸದಸ್ಯರು ತಮ್ಮ ವಾರ್ಡಿಗೆ ಇಷ್ಟನ್ನು ಮಾಡಿದರೆ, ಮುಂದಿನ ಬರದಲ್ಲಿ ಆ ಊರಿನವರು ಅವರನ್ನು ನೆನೆಯುತ್ತಾರೆ.